ಕಾಣದ ವಿಷಕ್ಕೆ ಕರ್ತೃ ಯಾರು?

ದುಡಿದವನಿಗೆ ದುಡಿಮೆಯ ಸ್ಥಳದಿಂದಲೇ ಇಪ್ಪತ್ತು ವರ್ಷಗಳ ತರುವಾಯ ರೋಗ ಬಂದಿತೆನ್ನೋಣ. ಹೊಣೆಗಾರನಾರು? ಇದು ನ್ಯಾಯಸ್ಥಾನಕ್ಕೆ ಸೇರಿದ ಪ್ರಶ್ನೆಯೆಂದು ವಾಚಕರು ಭಾವಿಸಬಹುದು. ನನಗಾದರೋ ಅದು ಮನೆಯ ಜಗುಲಿಗೆ ಬಂದು ಕುಳಿತ ಪ್ರಶ್ನೆ.

ಸಿಂಗಟಗೆರೆಯ ನನ್ನ ಶಿಷ್ಯನೊಬ್ಬನಿಗೆ ಮಳೆಯನ್ನೇ ನಂಬಿದ ಎರಡೆಕರೆ ಹೊಲವಿತ್ತು. 1998ರಲ್ಲಿ ಬೆಂಗಳೂರಿನ ಯಂತ್ರಶಾಲೆಯೊಂದರಲ್ಲಿ ಕೆಲಸವಿದೆಯೆಂದು ತಿಳಿದಾಗ ಶಿಫಾರಸು ಪತ್ರ ಬರೆದವನು ನಾನೇ. ಕಡೂರಿನಲ್ಲಿ ರೈಲು ಹತ್ತಿಸಿದವನೂ ನಾನೇ. ಲೋಹದ ಬಿಡಿಭಾಗಗಳ ಎಣ್ಣೆಜಿಡ್ಡನ್ನು ತೊಳೆಯುವುದು ಅವನ ಕೆಲಸ. ಬಿಸಿ ತೊಟ್ಟಿಯಿಂದೇಳುವ ಆವಿಗೆ ಸಿಹಿವಾಸನೆ. ತಲೆ ತಿರುಗಿದರೆ ಹೊರಗೆ ಬಂದು ಚಹಾ ಕುಡಿಯುವುದು, ಮತ್ತೆ ಒಳಗೆ ಹೋಗುವುದು. ಕಳೆದ ವರ್ಷ ಅರ್ಬುದರೋಗದ ನಿಮಿತ್ತ ಅವನ ಒಂದು ಮೂತ್ರಪಿಂಡವನ್ನು ತೆಗೆದರು. "ಮೇಷ್ಟ್ರೇ, ಇದು ಆ ತೊಟ್ಟಿಯಿಂದ ಬಂತೇ?" ಎಂದು ಕೇಳಿದನು.

ಆ ದ್ರಾವಕದ ಹೆಸರು ಟ್ರೈಕ್ಲೋರೋಎಥಿಲೀನ್. ಮೈಯೊಳಗೆ ಹೊಕ್ಕ ಈ ವಸ್ತುವನ್ನು ಹೊರಹಾಕಲು ಯಕೃತ್ತು ಅದಕ್ಕೆ ಮತ್ತೊಂದು ದ್ರವ್ಯವನ್ನು ಜೋಡಿಸುವುದು. ಆ ಜೋಡಣೆಯೇ ಮೂತ್ರಪಿಂಡದ ನಾಳಗಳಲ್ಲಿ ಒಡೆದು ವಿಷವಾಗುವುದು. ಶುದ್ಧಿಗಾಗಿ ಮಾಡಿದ ಕರ್ಮವೇ ಮಲಿನವಾಗುವ ಈ ವೈಚಿತ್ರ್ಯವನ್ನು ಏನೆನ್ನೋಣ! ಜರ್ಮನಿಯ ರಟ್ಟಿನ ಕಾರ್ಖಾನೆಯೊಂದರಲ್ಲಿ ಈ ಆವಿಯನ್ನು ಸೇವಿಸಿದ 169 ಜನರಲ್ಲಿ ಐವರಿಗೆ ಮೂತ್ರಪಿಂಡದ ಅರ್ಬುದವಾಗಿತ್ತು, ಸೇವಿಸದ 190 ಜನರಲ್ಲಿ ಒಬ್ಬನಿಗೂ ಇರಲಿಲ್ಲ ಎಂದು 1995ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಅರ್ಬುದಕಾರಿಯಾಗಿರುವ ಸಂಭವವುಳ್ಳದ್ದೆಂದೂ, 2012ರಲ್ಲಿ ನಿಶ್ಚಿತ ಅರ್ಬುದಕಾರಿಯೆಂದೂ ಗಣಿಸಿತು.

ಹಾಗಾದರೆ ಶಿಷ್ಯನಿಗೆ "ಹೌದು" ಎನ್ನಬಹುದೇ? ಅನ್ವಯ-ವ್ಯತಿರೇಕಗಳು ಸಮೂಹದಲ್ಲಿ ಸಿದ್ಧಿಸುವುವು. ಒಬ್ಬ ವ್ಯಕ್ತಿಯಲ್ಲಿ ಸಂದೇಹವಾಗಿಯೇ ಉಳಿಯುವುವು. ಬೀಡಿಯಿಂದಲೂ ಈ ರೋಗ ಬರುತ್ತದೆ, ಇವನು ಸೇದುತ್ತಿದ್ದುದೂ ನಿಜ. ಈ ಸಂದೇಹದ ಮರೆಯಲ್ಲಿ ಎಲ್ಲರೂ ಸುಖವಾಗಿ ನಿಲ್ಲಬಹುದು.

ಮಹಾಭಾರತದ ಅನುಶಾಸನಪರ್ವದ ಆರಂಭದಲ್ಲಿ ಗೌತಮಿಯ ಕಥೆಯುಂಟು. ಮಗನನ್ನು ಕಚ್ಚಿದ ಹಾವನ್ನು ಬೇಡನು ಕಟ್ಟಿ ತರಲು, ಹಾವು ಮೃತ್ಯುವನ್ನು ತೋರಿಸುತ್ತದೆ. ಮೃತ್ಯು ಕಾಲನನ್ನು ತೋರಿಸುತ್ತಾನೆ. ಕಾಲನು ಮಗುವಿನ ಕರ್ಮವನ್ನೇ ತೋರಿಸುತ್ತಾನೆ. ಗೌತಮಿ ಹಾವನ್ನು ಬಿಡಿಸುತ್ತಾಳೆ. ಪಾಠಶಾಲೆಯಲ್ಲಿ ಓದುವಾಗ ಇದು ನನಗೆ ಬಹಳ ಹಿತವಾಗಿತ್ತು, ಈಗ ಹಾಗಿಲ್ಲ. ಮಾಲೀಕನು ಮೇಸ್ತ್ರಿಯನ್ನೂ, ಮೇಸ್ತ್ರಿಯು ಸರಕು ಮಾರಿದವನನ್ನೂ, ಅವನು ಕೆಲಸಗಾರನ ಬೀಡಿಯನ್ನೂ ತೋರಿಸಿದರೆ ಅದೇ ಸರಪಳಿ. ಆದರೆ ಕರ್ಮವೆಂಬ ಮಾತನ್ನು ಒಪ್ಪಿ ಕ್ಷಮಿಸಿದವಳು ತಾಯಿ. ಹಾವಿನ ಬಾಯಲ್ಲಿ ಅದೇ ಮಾತು ಬರೀ ನುಣುಚಿಕೆ.

ನನಗೆ ತೋರುವುದಿಷ್ಟು. ರೋಗದ ಕರ್ತೃತ್ವವು ಸಂದಿಗ್ಧವಾದರೂ ಬಲ್ಲದ್ದನ್ನು ಹೇಳದಿದ್ದುದು ಅಸಂದಿಗ್ಧ. ಆ ದೋಷ ಸಿದ್ಧಿಸಲು ಯಾರೂ ಕಾಯಿಲೆ ಬೀಳಬೇಕಾಗಿಲ್ಲ. 1984ರ ಭೋಪಾಲದ ದುರಂತದ ತರುವಾಯ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯಿದೆಗೆ ಸೇರಿದ ವಿಧಿಯೂ ಇದನ್ನೇ ಹಿಡಿದಿತ್ತು: ಅಪಾಯಕರ ಕೆಲಸ ಮಾಡಿಸುವವನು ಅಪಾಯವನ್ನು ಕೆಲಸಗಾರನಿಗೆ ತಿಳಿಸತಕ್ಕದ್ದು. ನನ್ನ ಶಿಷ್ಯನಿಗೆ ಹನ್ನೊಂದು ವರ್ಷದಲ್ಲಿ ಯಾರೂ ಒಂದು ಮಾತು ಹೇಳಲಿಲ್ಲ. ಸಂಬಳಕ್ಕೆ ಒಪ್ಪಿದನಲ್ಲಾ ಎನ್ನುವವರುಂಟು, ತಿಳಿಯದುದಕ್ಕೆ ಒಪ್ಪಿಗೆಯೆಲ್ಲಿಯದು?

ಪತ್ರ ಬರೆದ ನಾನು ಬಲ್ಲವನಾಗಿರಲಿಲ್ಲ, ಕೇಳಿದವನೂ ಆಗಿರಲಿಲ್ಲ. ಇದನ್ನು ಅವನಿಗೆ ಹೇಳಿದೆ. ಅವನು ನಕ್ಕು, "ನೀವೇನು ಮಾಡೀರಿ ಮೇಷ್ಟ್ರೇ" ಎಂದನು.

ಈಗ ಅವನ ಅಣ್ಣನ ಮಗನು ಅದೇ ಊರಿನ ಬೇರೊಂದು ಯಂತ್ರಶಾಲೆಗೆ ಪತ್ರ ಬೇಡುತ್ತಿದ್ದಾನೆ. ಅಲ್ಲಿ ಜಿಡ್ಡನ್ನು ಯಾವುದರಿಂದ ತೊಳೆಯುವರು, ಆವಿ ಹೋಗಲು ಏನು ವ್ಯವಸ್ಥೆ ಇದೆಯೆಂದು ವಿಚಾರಿಸಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಹುಡುಗನು ದಿನಕ್ಕೆರಡು ಬಾರಿ ಬಂದು ಕೇಳಿಹೋಗುತ್ತಾನೆ.