ಭಾವಚಿತ್ರದ ಮುಂದೆ ನಿಲ್ಲುವ ದೂರ

ಮನೆಯ ಹಿರಿಯರೊಬ್ಬರು ತೀರಿಕೊಂಡು, ಮೊದಲ ದಿನಗಳ ಗದ್ದಲವಡಗಿ, ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿ ಇಡುವುದಕ್ಕೆ ದೊಡ್ಡದೊಂದು ಪಟ ಬೇಕೆಂಬ ಮಾತು ಎದ್ದಾಗಲೇ, ಎಪ್ಪತ್ತೆಂಬತ್ತು ವರ್ಷ ನಮ್ಮ ನಡುವೆ ಓಡಾಡಿದ ಆ ಮುಖದ ಚಿತ್ರವನ್ನು ಯಾರೂ ಸರಿಯಾಗಿ ತೆಗೆದಿಟ್ಟಿಲ್ಲವೆಂಬ ಸಂಗತಿ ಎಷ್ಟೋ ಕುಟುಂಬಗಳಲ್ಲಿ ಹೊರಬೀಳುತ್ತದೆ. ಹುಡುಕಿದರೆ ಸಿಗುವುದು ಪಿಂಚಣಿಯ ಕಾಗದಪತ್ರಕ್ಕೆ ಅಂಟಿಸಿ ಮಿಕ್ಕ ಒಂದು ಪಾಸ್‌ಪೋರ್ಟ್ ಸೈಜಿನ ಪ್ರತಿ, ಇಲ್ಲವೆ ಯಾರದೋ ಮದುವೆಯ ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ಅರ್ಧ ಮರೆಯಾದ ಮುಖ, ಇಲ್ಲವೆ ವಾಟ್ಸಾಪಿನಲ್ಲಿ ನಾಲ್ಕು ಮನೆ ಸುತ್ತಿ ಬಂದ ಮೊಮ್ಮಗನ ಫೋನಿನ ಚಿತ್ರ. ಅದನ್ನು ಹಿಡಿದು ಸ್ಟುಡಿಯೊಗೆ ಹೋದರೆ ಅಲ್ಲಿಯವನು ಪರದೆಯ ಮೇಲೆ ಹಿಗ್ಗಿಸಿ ನೋಡಿ, “ಇದ್ರಲ್ಲಿ ಏನೂ ಇಲ್ಲ ಸಾರ್, ದೊಡ್ಡದು ಮಾಡಿದ್ರೆ ಒಡೆಯುತ್ತೆ, ಬೇರೆ ಯಾವ್ದೂ ಇಲ್ವಾ?” ಎನ್ನುತ್ತಾನೆ. ತಂದೆಯ ಸಮಗ್ರ ಸ್ವರೂಪವನ್ನೇ ಆ ಕಾಗದದ ಚೂರಿನಲ್ಲಿ ಕಾಣುತ್ತಿರುವ ಮಗನಿಗೆ ಇದು ಕಠೋರವಾದ ಮಾತು. ಒಂದೇ ವಸ್ತುವಿನಲ್ಲಿ ಒಬ್ಬನಿಗೆ ಎಲ್ಲವೂ ಕಂಡು ಇನ್ನೊಬ್ಬನಿಗೆ ಏನೂ ಕಾಣದಿರುವುದು ಹೇಗೆ ಸಂಭವಿಸುತ್ತದೆಂಬುದು ಅಂಗಡಿಯಲ್ಲಿ ಇತ್ಯರ್ಥವಾಗತಕ್ಕ ವಿಷಯವಲ್ಲ. ನಮ್ಮ ದರ್ಶನಕಾರರು ಬಹುಕಾಲ ವಾದಿಸಿದ ಪ್ರಶ್ನೆಯೊಂದರ ಕವಲು ಅದು.

ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಆರೋಗ್ಯವಾದ ಕಣ್ಣು ಎರಡು ಬಿಂದುಗಳನ್ನು ಎರಡೆಂದೇ ಅರಿಯಬೇಕಾದರೆ ಅವುಗಳ ಅಂತರವು ಕಣ್ಣಿನಲ್ಲಿ ಸುಮಾರು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಕೋನವನ್ನಾದರೂ ಉಂಟುಮಾಡಬೇಕು. ಪುಸ್ತಕ ಹಿಡಿದು ಓದುವ 25 ಸೆಂಟಿಮೀಟರ್ ದೂರದಲ್ಲಿ ಇದು ಅಂಗುಲಕ್ಕೆ ಸುಮಾರು 350 ಬಿಂದುಗಳಾಗುತ್ತದೆ. ಮುದ್ರಣದವರ ಬಾಯಲ್ಲಿ ಸದಾ ಇರುವ 300 ಡಿಪಿಐ ಎಂಬ ಸಂಖ್ಯೆಯು ಇದರ ನೆರೆಯದೇ. ಆರು ಅಡಿ ದೂರ ಸರಿದು ನಿಂತರೆ 48 ಸಾಕು, ಹತ್ತು ಮೀಟರ್ ಆಚೆಗೆ ಒಂಬತ್ತು ಸಾಕು. 6000 ಪಿಕ್ಸೆಲ್ ಅಗಲ 4000 ಪಿಕ್ಸೆಲ್ ಎತ್ತರದ ಚಿತ್ರವನ್ನು 300ರ ನಿಯಮಕ್ಕೆ ಕಟ್ಟುಬಿದ್ದು ಅಚ್ಚು ಹಾಕಿದರೆ ಇಪ್ಪತ್ತು ಅಂಗುಲವನ್ನು ದಾಟಲಾಗದಿದ್ದರೂ, ಅದೇ ಚಿತ್ರವು ವೃತ್ತದಲ್ಲಿ ಮನೆಯೆತ್ತರದ ಫ್ಲೆಕ್ಸ್ ಆಗಿ ನಿಂತಾಗ ಬಸ್ಸಿನಲ್ಲಿ ಹೋಗುವ ಯಾರಿಗೂ ಕೊರತೆ ಕಾಣದಿರುವುದಕ್ಕೆ ಕಾರಣವಿಷ್ಟೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕೊಡಾಕ್ ಸಂಸ್ಥೆಯು 1950ರಿಂದ 1990ರವರೆಗೆ ಹದಿನೆಂಟು ಅಡಿ ಎತ್ತರ ಅರವತ್ತು ಅಡಿ ಅಗಲದ ವರ್ಣಚಿತ್ರಗಳನ್ನು ಹಿಂದಿನಿಂದ ಬೆಳಕು ಕೊಟ್ಟು ತೂಗುಹಾಕುತ್ತಿತ್ತು. ಆ ವಿಶಾಲವಾದ ಹಜಾರದಲ್ಲಿ ಅವಕ್ಕೆ ಮೂಗು ತಾಗಿಸಿ ನೋಡುವ ಅವಕಾಶವೇ ಪ್ರಯಾಣಿಕರಿಗಿರಲಿಲ್ಲ.

ನಮ್ಮ ಪಿಂಚಣಿದಾರರ ಚಿತ್ರಕ್ಕೆ ಬರೋಣ. 45 ಮಿಲಿಮೀಟರ್ ಎತ್ತರದ ಪ್ರತಿಯನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಎತ್ತರಕ್ಕೆ ಸಾವಿರದ ಅರವತ್ತು ಪಿಕ್ಸೆಲ್ ಸಿಕ್ಕಾವು. ಹದಿನಾರಕ್ಕೆ ಇಪ್ಪತ್ತು ಅಂಗುಲದ ಪಟದಲ್ಲಿ ಹರಡಿದಾಗ ಅಂಗುಲಕ್ಕೆ 53. ಮೂಲಪ್ರತಿ ನಿರ್ಮಲವಾಗಿದ್ದಲ್ಲಿ, ಆರು ಅಡಿ ದೂರದಲ್ಲಿ ಕೈಮುಗಿದು ನಿಂತವನಿಗೆ ಇಷ್ಟು ಸಾಲುತ್ತದೆ. ಸ್ಕ್ಯಾನರಿನ ಸಂಖ್ಯೆಯನ್ನು 2400ಕ್ಕೆ ಏರಿಸಿದರೆ ಹೆಚ್ಚುವುದು ಪಿಕ್ಸೆಲ್ಲೇ ಹೊರತು ಮುಖವಲ್ಲ, ಏಕೆಂದರೆ ಕಾಗದದ ಮೇಲೆ ಬೀಳದೆ ಹೋದ ಬೆಳಕನ್ನು ಯಾವ ಯಂತ್ರವೂ ಅಲ್ಲಿಂದ ಎತ್ತಿಕೊಡಲಾರದು. ಅಂತೂ ಮಗನೂ ಸುಳ್ಳಾಡಲಿಲ್ಲ, ಸ್ಟುಡಿಯೊದವನೂ ಸುಳ್ಳಾಡಲಿಲ್ಲ. ಇಬ್ಬರೂ ನಿಂತ ಸ್ಥಳ ಬೇರೆ.

ಹತ್ತಿರ ಹೋದಷ್ಟೂ ಸತ್ಯವು ಸ್ಪಷ್ಟವಾಗುತ್ತದೆಂಬ ನಂಬಿಕೆ ಈ ಕಾಲದಲ್ಲಿ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಒಂದು ಮತವೆಂದು ಕೂಡ ನಾವು ಎಣಿಸುವುದಿಲ್ಲ. ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ, ಇರುವ ವಸ್ತುವೂ ಕಾಣದೆ ಹೋಗುವುದಕ್ಕೆ ಎಂಟು ಕಾರಣಗಳನ್ನು ಎಣಿಸುವಾಗ, ಅತಿದೂರದ ಬೆನ್ನಿಗೇ ಅತಿಸಾಮೀಪ್ಯವನ್ನು ಇರಿಸಿದ್ದಾನೆ. ವಾಚಸ್ಪತಿಮಿಶ್ರನು ಅದಕ್ಕೆ ಕೊಡುವ ಉದಾಹರಣೆ ಕಣ್ಣಿಗೆ ಹಚ್ಚಿದ ಕಾಡಿಗೆ. ಸಾಮೀಪ್ಯವೂ ಒಂದು ಆವರಣವೆಂದು ಇಷ್ಟು ನಿರುದ್ವೇಗವಾಗಿ ಹೇಳಬಲ್ಲ ಶಾಸ್ತ್ರಕ್ಕೆ, ಚಿತ್ರವೊಂದರ ಸ್ಪಷ್ಟತೆಯು ಚಿತ್ರದಲ್ಲಿಯೇ ಅಡಗಿರುವ ಗುಣವಲ್ಲ, ನೋಟಕನಿಗೂ ಅದಕ್ಕೂ ಇರುವ ಸಂಬಂಧವೆಂಬುದು ಹೊಸ ಮಾತೇನೂ ಆಗಿರಲಾರದು.

ಇದಕ್ಕಿಂತ ಸೂಕ್ಷ್ಮವಾದ ವಾದ ನೈಯಾಯಿಕರದು. ನಾವು ಕಾಣುವ ಘಟವು ತನ್ನ ಅವಯವಗಳಿಗಿಂತ ಬೇರೆಯಾದ ಒಂದು ಅವಯವಿಯೋ, ಅಥವಾ ಬೌದ್ಧರು ಹೇಳುವಂತೆ ಕೇವಲ ಪರಮಾಣುಗಳ ರಾಶಿಯೋ ಎಂಬ ವಿವಾದದಲ್ಲಿ ಪೂರ್ವಪಕ್ಷಿಯು ಸೇನೆಯ ಮತ್ತು ವನದ ದೃಷ್ಟಾಂತವನ್ನು ತರುತ್ತಾನೆ: ದೂರದಿಂದ ನೋಡುವವನಿಗೆ ಮರಗಳು ಬೇರೆ ಬೇರೆಯಾಗಿ ತೋರದೆ ವನವೊಂದೇ ತೋರುವಂತೆ, ಪರಮಾಣುಗಳ ಗುಂಪೇ ಘಟವಾಗಿ ತೋರಬಾರದೇಕೆ? ನ್ಯಾಯಸೂತ್ರದ ಸಮಾಧಾನವು ನನಗೆ ಎಂದೂ ಬಲು ಸೊಗಸಾಗಿ ಕಂಡಿದೆ. ಮರಗಳು ಹತ್ತಿರ ಹೋದರೆ ಕಾಣತಕ್ಕವು, ಆದುದರಿಂದ ದೂರದ ದೆಸೆಯಿಂದ ಅವುಗಳ ಭೇದ ಮರೆಯಾಯಿತೆನ್ನಬಹುದು. ಪರಮಾಣುವಾದರೋ ಯಾವ ದೂರದಲ್ಲಿಯೂ ಇಂದ್ರಿಯಗೋಚರವಲ್ಲ, ಕಾಣಲಾರದವುಗಳನ್ನು ಎಷ್ಟು ಗುಡ್ಡೆಹಾಕಿದರೂ ಕಾಣುವ ವಸ್ತು ಹುಟ್ಟದು. ಈ ಉತ್ತರವನ್ನೇ ಗೋಡೆಯ ಪಟಕ್ಕೆ ಅನ್ವಯಿಸಿ ನೋಡಿದರೆ ಫಲ ತಿರುಗುಮುರುಗಾಗುತ್ತದೆ. ಪಿಕ್ಸೆಲ್ ಹತ್ತಿರ ಹೋದರೆ ಕಾಣುತ್ತದೆ. ಹುಬ್ಬಿನ ಅಂಚು ಮೆಟ್ಟಿಲುಮೆಟ್ಟಿಲಾಗುತ್ತದೆ, ಕನ್ನಡಕದ ಹೊಳಪು ನಾಲ್ಕೈದು ಬಿಳಿಯ ಚೌಕಗಳಾಗಿ ಉಳಿಯುತ್ತದೆ, ಯಾವ ಚೌಕದಲ್ಲಿಯೂ ತಂದೆಯಿಲ್ಲ. ಆದಕಾರಣ ಪಟದಲ್ಲಿರುವ ಮುಖವು ವನದ ಜಾತಿಯದು, ಘಟದ ಜಾತಿಯದಲ್ಲವೆಂದು ನೈಯಾಯಿಕನೇ ಒಪ್ಪಬೇಕಾದೀತು. ಹಾಗಾದರೆ ಅದು ಭ್ರಮೆಯೆ? ವನವು ರಾಶಿಯೆಂದು ತಿಳಿದವನು ಅದನ್ನು ಸುಳ್ಳೆನ್ನುವುದಿಲ್ಲ. ಇದ್ದ ಮರಗಳೇ ಅಲ್ಲಿ ಒಂದಾಗಿ ತೋರಿವೆ. ಇದ್ದ ಮುಖದಿಂದ ಹೊರಟ ಬೆಳಕೇ ಇಲ್ಲಿಯೂ ಒಂದಾಗಿ ತೋರುತ್ತಿರುವಷ್ಟು ಕಾಲ, ಮಸುಕಾದ ಪಟವು ಅಲ್ಪವೇ ಹೊರತು ಅಸತ್ಯವಲ್ಲ.

ಅಸತ್ಯವು ಪ್ರವೇಶಿಸುವುದು ಬೇರೆ ಬಾಗಿಲಿನಿಂದ. ಸ್ಟುಡಿಯೊದವನು ಈಗ ನಿರಾಶನಾಗಿ ಕೈಚೆಲ್ಲುವುದಿಲ್ಲ; ಚಿಕ್ಕ ಚಿತ್ರವನ್ನು ಎಐ ತಂತ್ರಾಂಶವೊಂದಕ್ಕೆ ಒಪ್ಪಿಸುತ್ತಾನೆ, ಅದು ಅಸಂಖ್ಯ ಅನ್ಯಮುಖಗಳನ್ನು ನೋಡಿ ಕಲಿತ ರೆಪ್ಪೆ, ಸುಕ್ಕು, ಗಡ್ಡದ ಕುರುಚಲುಗಳನ್ನು ಖಾಲಿಯಿದ್ದೆಡೆಯಲ್ಲಿ ತುಂಬಿ, ಕ್ಷಣಾರ್ಧದಲ್ಲಿ ನಾಲ್ಕು ಪಟ್ಟು ದೊಡ್ಡದಾದ ನಿಚ್ಚಳ ಮುಖವನ್ನು ಮುಂದಿಡುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಅಧ್ಯಾಸವನ್ನು ನಿರೂಪಿಸುವಾಗ, ಮುನ್ನ ಬೇರೊಂದೆಡೆ ಕಂಡದ್ದು ನೆನಪಿನ ರೂಪದಿಂದ ಇಲ್ಲದ ತಾವಿನಲ್ಲಿ ತೋರುವುದನ್ನೇ ಅದರ ಲಕ್ಷಣವಾಗಿ ಹಿಡಿದರು. ಯಂತ್ರದ ಈ ವ್ಯಾಪಾರವನ್ನು ಇದಕ್ಕಿಂತ ಕರಾರುವಾಕ್ಕಾಗಿ ವರ್ಣಿಸುವುದು ನನಗಂತೂ ತಿಳಿಯದು.

ಹಿಂದಿನವರೂ ತಿದ್ದುತ್ತಿದ್ದರಲ್ಲವೆ ಎಂದು ಯಾರಾದರೂ ಕೇಳಬಹುದು, ಕೇಳತಕ್ಕದ್ದೇ. ಫಿಲ್ಮಿನ ಕಾಲದಲ್ಲಿ ನೆಗೆಟಿವಿನ ಮೇಲೆ ಸೀಸದ ಕಡ್ಡಿಯಿಂದಲೂ, ಪ್ರತಿಯ ಮೇಲೆ ಕುಂಚದಿಂದಲೂ ಟಚಿಂಗ್ ಮಾಡುವವರಿದ್ದರು. ಆದರೆ ಅಂತಹ ಕುಶಲನು ಕುಂಚ ಅದ್ದುವ ಮೊದಲು, “ಮಚ್ಚೆ ಎಡಕ್ಕಾ ಬಲಕ್ಕಾ? ಬೈತಲೆ ಯಾವ ಕಡೆ ತೆಗೀತಿದ್ರು?” ಎಂದು ಮನೆಯವರನ್ನು ಕೇಳುತ್ತಿದ್ದನು. ಪ್ರತ್ಯಕ್ಷವು ಕೈಬಿಟ್ಟಲ್ಲಿ ಅವನು ಆಪ್ತವಾಕ್ಯವನ್ನು ಆಶ್ರಯಿಸುತ್ತಿದ್ದನು, ಕಂಡವರ ಮಾತು ಅವನಿಗೆ ಪ್ರಮಾಣವಾಗಿತ್ತು. ತಂತ್ರಾಂಶಕ್ಕೆ ಪ್ರಮಾಣವಾದವರು ಸತ್ತವರನ್ನು ಎಂದೂ ಕಾಣದ ಲಕ್ಷಾಂತರ ಅಪರಿಚಿತರು.

ದೇವರ ಪಟದ ಮಾತೇ ಬೇರೆ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ತೆರೆದ ಛಾಪಖಾನೆಯಿಂದ ಹೊರಬಿದ್ದ ಲಕ್ಷ್ಮಿ ಸರಸ್ವತಿಯರು ಚಿತ್ರಕಾರನ ಕಲ್ಪನೆಯವರು. ಮೂಲಮುಖವೊಂದಿದ್ದು ಅದಕ್ಕೆ ದ್ರೋಹವಾಯಿತೆನ್ನುವಂತಿಲ್ಲ. ಸಾಲಿಗ್ರಾಮಕ್ಕೆ ಕಣ್ಣು ಮೂಗುಗಳಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಅತಿ ಸಮೀಪದಿಂದ ದೃಷ್ಟಿಯಿಟ್ಟು ನೋಡುವ ಶಿವಯೋಗಿಯು ಅದರಲ್ಲಿ ವಿವರವನ್ನು ಹುಡುಕುತ್ತಿರುವುದಿಲ್ಲ. ಪ್ರತೀಕವು ಸಾದೃಶ್ಯವನ್ನು ಬಯಸದು, ಭಾವಚಿತ್ರವು ಸಾದೃಶ್ಯವನ್ನು ಬಿಟ್ಟು ಇನ್ನೇನನ್ನೂ ಬಯಸದು. ಹಾರ ಹಾಕಿ ಊದುಬತ್ತಿ ಹಚ್ಚಿದ ಮಾತ್ರಕ್ಕೆ ಎರಡನೆಯದು ಮೊದಲನೆಯದಾಗಿಬಿಟ್ಟಿತೆಂದು ಭಾವಿಸುವುದರಿಂದಲೇ, ಇಷ್ಟು ಚೆನ್ನಾಗಿ ಕಾಣುತ್ತಿರುವಾಗ ನಿಜ ಯಾವುದಾದರೇನೆಂಬ ಉದಾಸೀನ ಹುಟ್ಟುತ್ತದೆಂದು ತೋರುತ್ತದೆ.

ವಿಧವೆಯಾದ ಅಜ್ಜಿ ಆ ನಿಚ್ಚಳ ಪಟವನ್ನು ನೋಡಿ, “ಚೆನ್ನಾಗಿದೆ, ಆದ್ರೆ ಅವರಲ್ಲ” ಎಂದಾಳು. ಅದು ಬಾಧಕಜ್ಞಾನ, ಹಗ್ಗವನ್ನು ಬಲ್ಲವಳು ಹಾವನ್ನು ತಳ್ಳಿಹಾಕಿದಳು. ಆ ಮುಖವನ್ನು ಕಂಡವರೆಲ್ಲ ಕಾಲವಾದ ಮೇಲೆ, ಪಟದಿಂದಲೇ ಮುತ್ತಜ್ಜನನ್ನು ಅರಿಯುವ ಮಗುವಿಗೆ ಈ ಬಾಧೆ ಎಲ್ಲಿಂದ ಬರಬೇಕು? ಅಧ್ಯಾಸವು ಅಂದಿಗೆ ನಿವೃತ್ತಿಯಾಗದು, ಅದೇ ವಂಶದ ಸ್ಮೃತಿಯಾಗಿ ನಿಲ್ಲುವುದು. ಮಸುಕು ತಾನು ಎಷ್ಟನ್ನು ಅರಿಯೆನೆಂಬುದನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಹೊಲಿಗೆ ಕಾಣದಂತೆ ತುಂಬಿಸಿದ ಸ್ಪಷ್ಟತೆಯಲ್ಲಿ ಆ ಬರಹವಿಲ್ಲ.

ಹಾಗೆಂದು ಗೋಡೆಯನ್ನು ಬರಿದಾಗಿ ಬಿಡಬೇಕಿಲ್ಲ. ಹೂವಿಡುವವರು ಆರು ಅಡಿ ದೂರದಲ್ಲಿ ನಿಲ್ಲಲಾರರು, ಪಟದ ಹತ್ತಿರಕ್ಕೇ ಬರುತ್ತಾರೆ; ಆದ್ದರಿಂದ ಹಿಗ್ಗಿಸುವ ಆಸೆಯನ್ನು ಅರ್ಧಕ್ಕಿಳಿಸಿ, ಎಂಟಕ್ಕೆ ಹತ್ತು ಅಂಗುಲದ ಪ್ರತಿಯೊಂದನ್ನು ಏನೂ ಸೇರಿಸದೆ ಅಚ್ಚು ಹಾಕಿಸಿ ಕಟ್ಟು ಹಾಕಿಸಿದರೆ, ಅದೇ ಪಾಸ್‌ಪೋರ್ಟ್ ಚಿತ್ರದಿಂದ ಅಂಗುಲಕ್ಕೆ 106 ಬಿಂದುಗಳು ಒದಗುತ್ತವೆ, ಎರಡೂಮುಕ್ಕಾಲು ಅಡಿಯಷ್ಟು ಸಮೀಪದಲ್ಲಿ ನಿಂತವರಿಗೂ ಅದು ಒಡೆಯುವುದಿಲ್ಲ.