ದೂರವೆಂಬ ನೆಪ

2008ರ ಮೇ ತಿಂಗಳಲ್ಲಿ ದೆಹಲಿ ಬೆಂಗಳೂರಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರು ಹತ್ತಿರ ಬಂತು ಎಂದರೆ ನೀವು ನಗಬಹುದು. ಊರುಗಳೇನೂ ಸರಿದಾಡಲಿಲ್ಲ. ಎಚ್.ಎ.ಎಲ್.ನಲ್ಲಿದ್ದ ವಿಮಾನ ನಿಲ್ದಾಣ ಉತ್ತರಕ್ಕೆ, ನಮ್ಮ ದೇವನಹಳ್ಳಿಗೆ ಬಂತು, ಅಷ್ಟೆ. ವಿಮಾನದ ದೂರವನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯುತ್ತಾರೆಯೇ ಹೊರತು ಮನೆಯಿಂದ ಮನೆಗಲ್ಲ.

ಭೂಪಟ ನೋಡಿದರೆ ಎರಡೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ನೆಟ್ಟಗೆ ಉತ್ತರಕ್ಕೆ ಹಾರಿದರೆ ಸುಮಾರು 1,700 ಕಿ.ಮೀ. ರೈಲಿನಲ್ಲಾದರೆ ಸುಮಾರು 2,400. ರೈಲು ದಾರಿಯ ಊರುಗಳನ್ನೆಲ್ಲ ಮಾತನಾಡಿಸಿಕೊಂಡು ಹೋಗಬೇಕಲ್ಲ!

1989ರಲ್ಲಿ ನಾನು ದೆಹಲಿಯಲ್ಲಿ ಸಣ್ಣ ನೌಕರಿಯಲ್ಲಿದ್ದೆ. ಅಮ್ಮ ತೀರಿಕೊಂಡ ತಂತಿ ಬಂತು. ವಿಮಾನದ ಟಿಕೇಟಿಗೆ ತಿಂಗಳ ಸಂಬಳವೂ ಸಾಲುತ್ತಿರಲಿಲ್ಲ. ಭೋಪಾಲ, ಝಾನ್ಸಿ ದಾಟುವ ಆ ರೈಲಿನಲ್ಲಿ ಎರಡು ರಾತ್ರಿ ಕಳೆದು ಮನೆ ಮುಟ್ಟಿದಾಗ ಹಾಲುತುಪ್ಪದ ಶಾಸ್ತ್ರ ನಡೆಯುತ್ತಿತ್ತು. ಅಮ್ಮನ ಮುಖ ಸಿಗಲಿಲ್ಲ. "ಅಷ್ಟು ದೂರದಿಂದ ನೀನಾದ್ರೂ ಏನ್ ಮಾಡ್ತೀಯಪ್ಪ" ಎಂದು ಅಕ್ಕ ತಲೆ ಸವರಿದಳು. ಯಾರೂ ನನ್ನನ್ನು ದೂರಲಿಲ್ಲ.

ಈಗ ನನ್ನ ಮಗ ದೆಹಲಿಯಲ್ಲಿದ್ದಾನೆ. ಮೂರು ಗಂಟೆಯೊಳಗಿನ ಹಾರಾಟ. ಟಿಕೇಟು ಅವನಿಗೆ ಭಾರವಲ್ಲ. ಆದರೂ ಎರಡು ವರ್ಷದಿಂದ ಬಂದಿಲ್ಲ. ನಮ್ಮ ಜಗಲಿಯ ಮೇಲೆ ವಿಮಾನಗಳು ಇಳಿಯುವುದನ್ನು ನೋಡುತ್ತ ನಾನು ಒಂದು ನ್ಯಾಯ ಕಟ್ಟಿಕೊಂಡಿದ್ದೆ: ಬರಲಾಗದವನದು ಅಸಹಾಯಕತೆ, ಬರಬಲ್ಲವನು ಬಾರದಿದ್ದರೆ ತಪ್ಪು. ಶಕ್ತಿ ಹೆಚ್ಚಿದಷ್ಟೂ ಹೊಣೆ ಹೆಚ್ಚಬೇಕು.

ಒಂದು ಸಂಜೆ ಇದನ್ನು ಅಕ್ಕನ ಮುಂದೆ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತ, "ಅಮ್ಮ ಹೋದಾಗ ನಿಂಗೆ ಆಗ್ಲಿಲ್ಲ, ಸರಿ. ಅದಕ್ಕೆ ಮುಂಚೆ ನಾಕು ವರ್ಷ ಯಾಕೆ ಬರ್ಲಿಲ್ಲ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ರಜೆಯಿತ್ತು, ರೈಲಿನ ಚಾರ್ಜಿಗೆ ದುಡ್ಡೂ ಇತ್ತು. ಆ 2,400 ಕಿ.ಮೀ. ನನ್ನನ್ನು ನಿಜವಾಗಿ ತಡೆದದ್ದು ಒಂದೇ ಒಂದು ಸಲ. ಉಳಿದ ವರ್ಷಗಳಲ್ಲೆಲ್ಲ ಅದು ನನಗೆ ಮರೆಯಾಗಿತ್ತು. ದೂರ ಕಡಿಮೆಯಾದರೆ ಹೊಸ ಹೊಣೆಯೇನೂ ಹುಟ್ಟುವುದಿಲ್ಲ, ಮೊದಲಿಂದ ಇದ್ದದ್ದೇ ಕಣ್ಣಿಗೆ ಬೀಳುತ್ತದೆ. ನನ್ನ ಮಗ ನನಗಿಂತ ಕೆಟ್ಟವನಲ್ಲ. ನನಗಿದ್ದ ಮರೆ ಅವನಿಗಿಲ್ಲ.

ಇನ್ನೊಂದು ಮಾತು ಆಮೇಲೆ ಹೊಳೆಯಿತು. ದೆಹಲಿಯಿಂದ ಇಲ್ಲಿಗೆ ಎಷ್ಟು ದೂರವೋ ಇಲ್ಲಿಂದ ದೆಹಲಿಗೂ ಅಷ್ಟೇ ದೂರ. ನಿಲ್ದಾಣವಂತೂ ನಮ್ಮ ಮನೆಗೆ ಎರಡು ಹರದಾರಿ ಕೂಡ ಇಲ್ಲ. ಈ ಎರಡು ವರ್ಷ ನಾನೂ ಹೋಗಿಲ್ಲವಲ್ಲ.