ಅಂಟದೆ ಬೆಸೆಯುವುದು
ಸ್ಪಾಟ್ ವೆಲ್ಡಿಂಗ್‌ನಲ್ಲಿ ಎರಡು ಉಕ್ಕಿನ ತಗಡುಗಳನ್ನು ಬೆಸೆಯುವ ತಾಮ್ರದ ಎಲೆಕ್ಟ್ರೋಡ್ ತಾನು ಮಾತ್ರ ಅಂಟಿಕೊಳ್ಳುವುದಿಲ್ಲ. ಗೀತೆಯ 5ನೇ ಅಧ್ಯಾಯದ ತಾವರೆ ಎಲೆಯ ನಿರ್ಲಿಪ್ತತೆ ಇದೇ ಅನ್ನಿಸಬಹುದು. ಆದರೆ ಇದು ತಾಮ್ರದ ಹುಟ್ಟುಗುಣವಷ್ಟೇ ಅಲ್ಲ. ಅದರೊಳಗೆ ಹರಿದು ಅದನ್ನು ತಂಪಾಗಿಡುವ ನೀರಿನ ಪಾಲೂ ದೊಡ್ಡದು. ಪೈಪಿನಲ್ಲಿ ಸುಣ್ಣ ಕಟ್ಟಿ ನೀರು ಕಡಿಮೆಯಾದರೆ ತುದಿ ಮೆತ್ತಗಾಗಿ ಅಗಲವಾಗುತ್ತದೆ, ವಿದ್ಯುತ್ತು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಒಳಗಿನ ಬೆಸುಗೆ ಸೊರಗುತ್ತದೆ. ಮೇಲಿನ ಗುರುತು ಮಾತ್ರ ಚೆನ್ನಾಗಿಯೇ ಕಾಣಬಹುದು. (ಮಠಾಧಿಪತಿಗಳ ವಿಷಯದಲ್ಲೂ ಹೀಗಾಗುವುದುಂಟು.)

ಯಂತ್ರಕ್ಕೆ ಮನಸ್ಸಿಲ್ಲ, ಹೋಲಿಕೆ ಸಲ್ಲದು ಎಂಬ ಆಕ್ಷೇಪ ಸರಿಯೇ. ಆದರೆ ನನ್ನ ಪ್ರಶ್ನೆ ಬೇರೆ: ಬಿಸಿಯ ನಡುವೆ ದುಡಿಯುವುದು ಯಾವುದೇ ಇರಲಿ, ಒಮ್ಮೆ ಗಳಿಸಿದ ಸ್ಥಿತಿಯಲ್ಲೇ ಉಳಿದೀತೇ? ಸಾಧಕನಿಗೆ ವೈರಾಗ್ಯ ಬಂದಮೇಲೆ ಇನ್ನೇನೂ ಬೇಡ ಎನ್ನುವವರು 6ನೇ ಅಧ್ಯಾಯ ನೋಡಬೇಕು. ಚಂಚಲ ಮನಸ್ಸಿಗೆ ವೈರಾಗ್ಯವೊಂದೇ ಸಾಕಾಗಿದ್ದರೆ ಅಲ್ಲಿ ಅದರ ಜೊತೆಗೆ ಅಭ್ಯಾಸದ ಮಾತು ಬರಬೇಕಿರಲಿಲ್ಲ.